ಕತ್ತಿಯ ಮೇಲಿನ ಕೆಂಪು

ಜುಲೈ ಮೊದಲ ವಾರ ತೀರ್ಥಹಳ್ಳಿ, ಕೊಪ್ಪ, ಸಾಗರ, ಶಿರಸಿ, ಹೀಗೆ ಮಲೆನಾಡಿನ ಯಾವ ಪೇಟೆಯ ಗೊಬ್ಬರ-ಔಷಧಿ ಅಂಗಡಿಯ ಮುಂದೆ ನಿಂತರೂ ಕಾಣುವುದು ಒಂದೇ ನೋಟ. ಬಂದವರು ಕೊಡೆ ಮಡಚಿ ಗೋಡೆಗೆ ಒರಗಿಸುತ್ತಾರೆ, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಮೊಬೈಲ್ ತೆಗೆಯುತ್ತಾರೆ. ಪರದೆಯ ಮೇಲೆ ಮರದ ಬುಡದಲ್ಲಿ ಉದುರಿ ಬಿದ್ದ ಎಳೆ ಅಡಿಕೆ, ತೊಟ್ಟಿನ ಹತ್ತಿರ ನೀರು ಕುಡಿದಂಥ ಕಡುಹಸಿರು ಮಚ್ಚೆ. "ಇದಕ್ಕೆ ಏನ್ ಹೊಡೀಬೇಕು ಮಾರಾಯ್ರೇ?"

ಅಂಗಡಿಯವರ ಎದುರು ಇನ್ನೂ ನಾಲ್ಕು ಜನ ಕಾಯುತ್ತಿರುತ್ತಾರೆ. ಕೈ ತಾನಾಗಿಯೇ ಹಿಂದಿನ ಕಪಾಟಿಗೆ ಹೋಗುತ್ತದೆ. ಒಂದು ಪೊಟ್ಟಣ, ಒಂದು ಬಾಟಲಿ, ಬ್ಯಾರಲ್ಲಿಗೆ ಇಷ್ಟು ಎಂದು ಚೀಟಿಯ ಹಿಂದೆ ಬರೆದುಕೊಟ್ಟರೆ ವ್ಯವಹಾರ ಮುಗಿಯಿತು. ಕೇಳಿದವರಿಗೂ ಹೇಳಿದವರಿಗೂ ಹಿಡಿದದ್ದು ಅರ್ಧ ನಿಮಿಷ. ಅಷ್ಟರಲ್ಲಿ ‘ಯಾಕೆ’ ಎಂಬ ಮಾತಿಗೆ ಜಾಗವೇ ಇರುವುದಿಲ್ಲ. ಇದರಲ್ಲಿ ಯಾರನ್ನೂ ದೂರುವಂತಿಲ್ಲ. ತೋಟದಲ್ಲಿ ಅಡಿಕೆ ಉದುರುತ್ತಿರುವವನಿಗೆ ಪಾಠ ಬೇಕಿಲ್ಲ, ಮದ್ದು ಬೇಕು. ಆದರೆ ಅದೇ ಮನುಷ್ಯ ಎರಡು ವಾರ ಬಿಟ್ಟು ಮತ್ತೆ ಅದೇ ಅಂಗಡಿಗೆ ಬರುತ್ತಾನಲ್ಲ, "ಹೊಡೆಸಿದ್ರೂ ಕೊಳೆ ನಿಲ್ಲಲಿಲ್ಲ" ಎನ್ನುತ್ತಾನಲ್ಲ, ಅಲ್ಲಿಂದ ವಿಷಯ ಶುರುವಾಗುತ್ತದೆ.

ಅಡಿಕೆ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯಬೇಕೆಂಬುದು ಮಲೆನಾಡಿನಲ್ಲಿ ಚಿಕ್ಕ ಮಕ್ಕಳಿಗೂ ಗೊತ್ತು. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 100 ಲೀಟರ್ ನೀರು. ಎರಡನ್ನೂ ಬೇರೆ ಬೇರೆ ಕರಗಿಸಿ. ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಹುಯ್ಯಿರಿ. ಕಬ್ಬಿಣದ ಪಾತ್ರೆ ಬೇಡ. ಕತ್ತಿ ಅದ್ದಿ ನೋಡಿ. ಅಂದೇ ಮಾಡಿದ್ದನ್ನು ಅಂದೇ ಮುಗಿಸಿ. ಮಳೆಗಾಲ ಹಿಡಿಯುವ ಮುಂಚೆ ಒಂದು ಸಲ, 40ರಿಂದ 45 ದಿನಕ್ಕೆ ಇನ್ನೊಂದು ಸಲ. ಯಾವ ಕರಪತ್ರ ತೆಗೆದರೂ ಇಷ್ಟೇ ಸಾಲು, ಎಲ್ಲರಿಗೂ ಕಂಠಪಾಠ. ಪ್ರತಿ ಸಾಲಿನ ಹಿಂದೆಯೂ ಒಂದು ಕಾರಣವಿದೆ, ಕರಪತ್ರದಲ್ಲಿ ಅದೊಂದಕ್ಕೆ ಜಾಗ ಸಿಕ್ಕಿಲ್ಲ.

ಮೊದಲು ರೋಗದ ವಿಷಯ. ಕರಾವಳಿಯವರು ಮಹಾಳಿ ಎನ್ನುವ ಈ ಕೊಳೆಯನ್ನು ತರುವುದು ಫೈಟಾಫ್ತೊರಾ ಎಂಬ ಸೂಕ್ಷ್ಮಜೀವಿ. ಐರ್ಲೆಂಡಿನಲ್ಲಿ 1845ರಿಂದ ಆಲೂಗಡ್ಡೆ ಬೆಳೆ ಕೊಳೆಸಿ ಮಹಾಕ್ಷಾಮ ತಂದದ್ದು ಇದೇ ಕುಲದ ಇನ್ನೊಂದು ಜೀವಿ. ನೋಡಲು ಶಿಲೀಂಧ್ರದಂತೆ ಕಂಡರೂ ಇದು ನಿಜವಾದ ಶಿಲೀಂಧ್ರವಲ್ಲ, ನೀರಿನ ಪಾಚಿಗಳ ಕಡೆಯ ಬಂಧು. ಹುಟ್ಟುಗುಣ ಹೋಗಿಲ್ಲ. ಇದರ ಬೀಜಾಣುಗಳಿಗೆ ಬಾಲದಂಥ ಎರಡು ಎಳೆಗಳಿದ್ದು, ನೀರಿನ ತೆಳು ಪದರ ಸಿಕ್ಕರೆ ಸಾಕು, ಈಜಿಕೊಂಡು ಹೋಗುತ್ತವೆ. ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಆಗುಂಬೆಯ ಸುತ್ತಿನ ಸೀಮೆಯಲ್ಲಿ ಅಡಿಕೆ ಕಾಯಿಯ ಮೇಲೆ ಅಂಥ ಪದರ ವಾರಗಟ್ಟಲೆ ಆರುವುದೇ ಇಲ್ಲ. ಬೀಜಾಣು ಈಜುತ್ತ ಬಂದು ಕಾಯಿಗೆ ಅಂಟಿ, ಮೊಳೆತು, ಸಿಪ್ಪೆ ಕೊರೆದು ಒಳಗೆ ಹೋಗುತ್ತದೆ. ಆಮೇಲೆ ಅದು ನಮ್ಮ ಕೈಗೆ ಸಿಗುವುದಿಲ್ಲ.

ಬೋರ್ಡೋ ಕೆಲಸ ಮಾಡುವುದು ಈ ಒಳಹೊಕ್ಕುವ ಗಳಿಗೆಗೆ ಮುಂಚೆ. ಕಾಯಿಯ ಮೇಲೆ ಒಣಗಿ ಕೂತ ನೀಲಿ ಪೊರೆ ನೀರಿನಲ್ಲಿ ಸುಲಭಕ್ಕೆ ಕರಗುವುದಿಲ್ಲ. ಮಳೆಹನಿ ಬಿದ್ದಾಗ ಅದರಿಂದ ಒಂದಿಷ್ಟೇ ತಾಮ್ರ ಬಿಡುಗಡೆಯಾಗುತ್ತದೆ. ಈಜುತ್ತ ಬಂದ ಬೀಜಾಣು ಆ ತಾಮ್ರವನ್ನು ಹೀರಿಕೊಂಡು, ತನ್ನೊಳಗಿನ ಕಿಣ್ವಗಳು ಕೆಟ್ಟು ಅಲ್ಲೇ ಸಾಯುತ್ತದೆ. ಅಂದರೆ ಇದು ಬೇಲಿ, ಚಿಕಿತ್ಸೆಯಲ್ಲ. ದನ ಗದ್ದೆಗೆ ನುಗ್ಗಿದ ಮೇಲೆ ಬೇಲಿ ಕಟ್ಟಿದರೆ ಒಳಗಿರುವ ದನ ಹೊರಗೆ ಹೋಗುವುದಿಲ್ಲ. ಮಚ್ಚೆ ಕಂಡ ಮೇಲೆ ಹೊಡೆಸಿದವರಿಗೆ ಸಿಗುವುದು ಪಕ್ಕದ ಕಾಯಿಗಳ ರಕ್ಷಣೆ ಮಾತ್ರ. ಹಿಡಿದ ಕಾಯಿ ಹೇಗೂ ಉದುರುತ್ತದೆ, ಅದನ್ನು ಹೆಕ್ಕಿ ದೂರ ಹಾಕದಿದ್ದರೆ ಮಳೆಹನಿಯ ಸಿಡಿತಕ್ಕೆ ರೋಗ ಮತ್ತೆ ಹರಡುತ್ತದೆ. "ಹೊಡೆಸಿದ ಮೇಲೂ ಉದುರ್ತಾ ಇದೆ" ಎನ್ನುವ ದೂರಿನಲ್ಲಿ ಅರ್ಧದಷ್ಟಾದರೂ ಇದೇ ಕತೆ ಇರಬೇಕು.

ಈ ಬೇಲಿ ಸಿಕ್ಕಿದ್ದೇ ಒಂದು ತಮಾಷೆ. ಫ್ರಾನ್ಸಿನ ಬೋರ್ಡೋ ಸೀಮೆಯ ದ್ರಾಕ್ಷಿ ತೋಟಗಳಿಗೆ ಅಮೆರಿಕದಿಂದ ಬಂದ ಬೂಜುರೋಗ ಹತ್ತಿತ್ತು. 1882ರಲ್ಲಿ ಅಲ್ಲಿನ ಸಸ್ಯವಿಜ್ಞಾನಿ ಪಿಯೆರ್ ಮಿಲಾರ್ಡೆ ಮೆಡಾಕ್ ಎಂಬ ಕಡೆ ತೋಟದ ದಾರಿಯಲ್ಲಿ ಹೋಗುವಾಗ ಒಂದು ವಿಚಿತ್ರ ಕಂಡರು. ಒಳಗಿನ ಬಳ್ಳಿಗಳೆಲ್ಲ ಎಲೆ ಉದುರಿಸಿಕೊಂಡು ನಿಂತಿದ್ದರೆ ದಾರಿಯಂಚಿನವು ಮಾತ್ರ ಹಸಿರಾಗಿದ್ದವು. ವಿಚಾರಿಸಿದಾಗ ತಿಳಿದದ್ದು: ದಾರಿಹೋಕರು ಹಣ್ಣು ಕೀಳದಿರಲೆಂದು ತೋಟದವರು ಅಂಚಿನ ಸಾಲಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ನೀಲಿ ಬಳಿದ ಹಣ್ಣು ಕಂಡರೆ ಕಳ್ಳನಿಗೆ ವಿಷವೆಂಬ ಭಯ. ತೋಟದವರಿಗೆ ಕಳ್ಳ ತಪ್ಪಿದ್ದಷ್ಟೇ ಲಾಭ. ಮಿಲಾರ್ಡೆ ಮಾತ್ರ ಎಲೆ ಯಾಕೆ ಉಳಿಯಿತು ಎಂಬ ಪ್ರಶ್ನೆ ಹಿಡಿದು ಮೂರು ವರ್ಷ ಕೂತರು. ಯುಲಿಸ್ ಗೆಯೋಂ ಎಂಬ ರಸಾಯನಶಾಸ್ತ್ರಜ್ಞರ ಜೊತೆ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ದ್ರಾಕ್ಷಿಯ ಆ ಬೂಜೂ ನಮ್ಮ ಕೊಳೆಯ ಹತ್ತಿರದ ನೆಂಟನೇ.

ಇತ್ತ ಮೈಸೂರು ಸಂಸ್ಥಾನಕ್ಕೆ 1908ರಲ್ಲಿ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್‌ಮನ್ ಕೊಳೆರೋಗದ ಬೆನ್ನು ಹತ್ತಿದರು. 1910ರಲ್ಲಿ ಅವರು ಹೊರತಂದ ಅಧ್ಯಯನ ಅಡಿಕೆಯ ಕೊಳೆಗೆ ಫೈಟಾಫ್ತೊರಾ ಕಾರಣವೆಂದು ತೋರಿಸಿತು. ಇವತ್ತಿಗೂ ಆ ಜೀವಿಯ ವೈಜ್ಞಾನಿಕ ಹೆಸರಿನ ಬಾಲದಲ್ಲಿ ಕೋಲ್‌ಮನ್ ಹೆಸರು ಉಳಿದಿದೆ. ಶತಮಾನ ದಾಟಿದ ಮೇಲೂ ಮಲೆನಾಡಿನ ಕೊನೆಗೌಡ ಮರದ ತುದಿಯಲ್ಲಿ ಕೂತು ಬಿಡುವುದು ಬೋರ್ಡೋದ ಅದೇ ನೀಲಿ ನೀರು.

ಇನ್ನು ಬ್ಯಾರಲ್ಲಿನ ಹತ್ತಿರ ಬರೋಣ. ಕಾರಣ ಗೊತ್ತಿದ್ದವನಿಗೂ ಗೊತ್ತಿಲ್ಲದವನಿಗೂ ಇರುವ ಅಂತರ ಕಣ್ಣಿಗೆ ಕಾಣುವುದು ಇಲ್ಲೇ.

ಮೈಲುತುತ್ತದ ನೀರು ಹುಳಿ ಗುಣದ್ದು. ಅದನ್ನೇ ನೇರ ಎರಚಿದರೆ ರೋಗವೇನೋ ಸಾಯುತ್ತದೆ, ಜೊತೆಗೆ ಎಳೆ ಕಾಯಿಯೂ ಸುಡುತ್ತದೆ, ಮೊದಲ ಮಳೆಗೇ ತೊಳೆದೂ ಹೋಗುತ್ತದೆ. ಸುಣ್ಣ ಆ ಹುಳಿಯನ್ನು ಮುರಿದು, ತಾಮ್ರವನ್ನು ಸುಲಭಕ್ಕೆ ಕರಗದ ನುಣ್ಣನೆಯ ಕಣಗಳಾಗಿ ಬದಲಿಸುತ್ತದೆ. ಲೆಕ್ಕ ಹಾಕಿದರೆ 1 ಕೆಜಿ ಮೈಲುತುತ್ತದ ಹುಳಿ ಮುರಿಯಲು ಶುದ್ಧವಾದ ಸುಟ್ಟ ಸುಣ್ಣ ಕಾಲು ಕೆಜಿಯೂ ಬೇಡ. ಹಾಗಾದರೆ ಕರಪತ್ರದವರು 1 ಕೆಜಿ ಎಂದದ್ದು ಯಾಕೆ? ರೈತನ ಕೈಗೆ ಸಿಗುವ ಸುಣ್ಣ ಶುದ್ಧವಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮಿಕ್ಕ ಮುಕ್ಕಾಲು ಕೆಜಿ ಆ ಅನುಮಾನಕ್ಕೆ ಇಟ್ಟ ಅವಕಾಶ. ಸ್ವಲ್ಪ ಹೆಚ್ಚಾದ ಸುಣ್ಣ ಪೊರೆಯನ್ನು ಕಾಯಿಗೆ ಗಟ್ಟಿಯಾಗಿ ಹಿಡಿಸುತ್ತದೆ ಕೂಡ.

ಕಲ್ಲನ್ನೋ ಚಿಪ್ಪನ್ನೋ ಸುಟ್ಟರೆ ಸುಣ್ಣ. ಆ ಸುಣ್ಣವನ್ನು ಚೀಲದ ಬಾಯಿ ಬಿಚ್ಚಿ ಅಟ್ಟದ ಮೇಲಿಟ್ಟರೆ ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರುತ್ತ ಹೀರುತ್ತ ಮತ್ತೆ ಕಲ್ಲಿನ ಪುಡಿಯಾಗುತ್ತದೆ. ತೂಕಕ್ಕೆ ಅದು 1 ಕೆಜಿಯೇ, ಬಣ್ಣವೂ ಬಿಳಿಯೇ, ಆದರೆ ಹುಳಿ ಮುರಿಯುವ ಶಕ್ತಿ ಉಳಿದಿರುವುದಿಲ್ಲ. ಕರಪತ್ರದ ಪ್ರಮಾಣವನ್ನು ತಕ್ಕಡಿ ಹಿಡಿದು ಪಾಲಿಸಿದವನ ಕಾಯಿ ಸುಟ್ಟು, ಕಣ್ಣಳತೆಯಲ್ಲಿ ಕಲಸಿದ ಪಕ್ಕದ ಮನೆಯವನ ಕಾಯಿ ಉಳಿದರೆ ಅದರಲ್ಲಿ ಪವಾಡವೇನಿಲ್ಲ. ಹೊಸ ಸುಣ್ಣಕ್ಕೆ ನೀರು ಹೊಯ್ದರೆ ಕೊತಕೊತ ಕುದಿಯುತ್ತದೆ, ಹಳತು ಸುಮ್ಮನೆ ನೆನೆಯುತ್ತದೆ. ತಕ್ಕಡಿ ಹೇಳದ್ದನ್ನು ಆ ಸದ್ದು ಹೇಳುತ್ತದೆ.

ಕತ್ತಿ ಪರೀಕ್ಷೆ ಇರುವುದು ಈ ಅನುಮಾನಕ್ಕೇ. ಚೆನ್ನಾಗಿ ಉಜ್ಜಿ ಹೊಳಪು ಬಂದ ಕಬ್ಬಿಣದ ಕತ್ತಿಯನ್ನು ದ್ರಾವಣದಲ್ಲಿ ಒಂದೆರಡು ನಿಮಿಷ ಅದ್ದಿ ತೆಗೆದರೆ, ಹುಳಿ ಉಳಿದಿದ್ದ ಪಕ್ಷದಲ್ಲಿ ಅಲಗಿನ ಮೇಲೆ ಇಟ್ಟಿಗೆ ಬಣ್ಣದ ಕೆಂಪು ಕೂರುತ್ತದೆ. ಅದು ತುಕ್ಕಲ್ಲ, ತಾಮ್ರ. ಕರಗಿದ ತಾಮ್ರ ಇನ್ನೂ ನೀರಿನಲ್ಲಿದ್ದರೆ ಕಬ್ಬಿಣ ತಾನು ಕರಗಿ ಅದನ್ನು ಹೊರಗೆ ತಳ್ಳುತ್ತದೆ. ಕೆಂಪು ಕಂಡರೆ ಇನ್ನೊಂದಿಷ್ಟು ಸುಣ್ಣದ ನೀರು ಬೆರೆಸಿ ಮತ್ತೆ ಅದ್ದಬೇಕು. ಕೆಂಪು ಬರುವುದು ನಿಂತರೆ ಮದ್ದು ಸಿದ್ಧ. ಕಬ್ಬಿಣದ ಡ್ರಮ್ ಬೇಡ ಎನ್ನುವುದಕ್ಕೂ ಇದೇ ಕಾರಣ. ಡ್ರಮ್ಮೇ ಒಂದು ದೊಡ್ಡ ಕತ್ತಿಯಾಗಿ, ಕಾಯಿಗೆ ಹೋಗಬೇಕಿದ್ದ ತಾಮ್ರವನ್ನು ತನ್ನ ಗೋಡೆಗೆ ಬಳಿದುಕೊಳ್ಳುತ್ತದೆ. ಹಿಂದೆ ಮಣ್ಣಿನ ಬಾನಿ, ಮರದ ಪೀಪಾಯಿ ಇದ್ದವು. ಈಗಿನ ನೀಲಿ ಪ್ಲಾಸ್ಟಿಕ್ ಡ್ರಮ್ ಆ ಮಟ್ಟಿಗೆ ಉಪಕಾರಿ.

ಒಂದು ಬದಲಾವಣೆಯನ್ನು ಮಾತ್ರ ಕರಪತ್ರ ಗಮನಿಸಿಲ್ಲ. ಅದು ಬರೆದ ಕಾಲದಲ್ಲಿ ಮನೆಯಲ್ಲಿ ಇದ್ದದ್ದೆಲ್ಲ ಕಬ್ಬಿಣದ ಕತ್ತಿಯೇ. ಇವತ್ತು ಅಡುಗೆಮನೆಯಿಂದ ತಂದು ಅದ್ದುವುದು ಸ್ಟೇನ್‌ಲೆಸ್ ಸ್ಟೀಲ್ ಚಾಕು. ಆ ಉಕ್ಕಿನಲ್ಲಿ ಕ್ರೋಮಿಯಂ ಇದೆ, ಅದರ ತೆಳು ಪೊರೆ ಕಬ್ಬಿಣವನ್ನು ಮುಚ್ಚಿರುತ್ತದೆ. ತುಕ್ಕು ಹಿಡಿಯದಂತೆ ಕಾಯುವ ಆ ಪೊರೆಯೇ ತಾಮ್ರವೂ ಸುಲಭಕ್ಕೆ ಕೂರದಂತೆ ಮಾಡುತ್ತದೆ. ಹುಳಿ ಎಷ್ಟೇ ಉಳಿದಿರಲಿ, ಚಾಕು ಬೆಳ್ಳಗೇ ಹೊರಗೆ ಬಂದು "ಸರಿ ಇದೆ" ಎನ್ನುತ್ತದೆ. ‘ಕತ್ತಿ ಅದ್ದಿ ನೋಡಿ’ ಎಂಬುದನ್ನು ಮಾತ್ರ ಕಲಿತವನಿಗೆ ಈ ಮೋಸ ತಿಳಿಯುವ ದಾರಿಯಿಲ್ಲ. ಕಬ್ಬಿಣಕ್ಕೂ ತಾಮ್ರಕ್ಕೂ ನಡೆಯುವ ಅದಲುಬದಲು ಗೊತ್ತಿದ್ದವನು ಹಿತ್ತಿಲಲ್ಲಿ ಬಿದ್ದ ಹಳೆಯ ಕುಡುಗೋಲನ್ನು ಮರಳಿನಲ್ಲಿ ತಿಕ್ಕಿ ತರುತ್ತಾನೆ, ಇಲ್ಲವೇ ಅಂಗಡಿಯಲ್ಲಿ ಸಿಗುವ ಲಿಟ್ಮಸ್ ಕಾಗದ ಅದ್ದುತ್ತಾನೆ.

ಬೇರೆ ಬೇರೆ ಕರಗಿಸುವುದು, ನಿಧಾನ ಹುಯ್ಯುವುದು, ಕೈಬಿಡದೆ ಕಲಕುವುದು ಇವೆಲ್ಲ ಕಣ ನುಣ್ಣಗಾಗಲೆಂದು. ಎರಡೂ ಗಟ್ಟಿಯಿದ್ದಾಗ ಸೇರಿಸಿದರೆ ಹಾಲು ಒಡೆದಂತೆ ಗಸಿ ಗಸಿಯಾಗಿ ತಳ ಸೇರುತ್ತದೆ, ಸ್ಪ್ರೇಯರ್ ಮೂಗು ಕಟ್ಟುತ್ತದೆ. ಹೊತ್ತು ಕಳೆದಂತೆ ನುಣ್ಣನೆಯ ಕಣಗಳೂ ಒಂದಕ್ಕೊಂದು ಕೂಡಿ ದಪ್ಪವಾಗಿ ಕಾಯಿಗೆ ಅಂಟುವ ಗುಣ ಕಳೆದುಕೊಳ್ಳುತ್ತವೆ. ನಿನ್ನೆ ಉಳಿದದ್ದು ಇವತ್ತು ಕೆಲಸಕ್ಕೆ ಬಾರದು ಎನ್ನುವುದು ಇದಕ್ಕೆ. ಬೋರ್ಡೋ ಜೊತೆಗೆ ಕೀಟನಾಶಕವನ್ನೂ ಸೇರಿಸಿ ಒಂದೇ ಕೂಲಿಯಲ್ಲಿ ಎರಡು ಕೆಲಸ ಮುಗಿಸುವ ಜಾಣತನವೂ ನಡೆಯುತ್ತದೆ. ಆದರೆ ಸುಣ್ಣದ ಕ್ಷಾರಕ್ಕೆ ಮೆಲಾಥಿಯಾನ್‌ನಂಥ ಕೀಟನಾಶಕ ಒಡೆದು ನಿಷ್ಫಲವಾಗುತ್ತದೆ.

ಕೊಪ್ಪ, ಶೃಂಗೇರಿ ಕಡೆ ಒಂದೇ ತೋಟದಲ್ಲಿ ಅಡಿಕೆ, ಕಾಫಿ ಎರಡೂ ಇರುತ್ತವೆ. ಕಾಫಿಗೂ ಕೊಳೆರೋಗ ಬರುತ್ತದೆ, ಹೆಸರೂ ಅದೇ. 1876ರಲ್ಲಿ ಇಂಗ್ಲೆಂಡಿನ ಎಂ.ಸಿ. ಕುಕ್ ಕಾಫಿಯ ಆ ರೋಗಕಾರಕಕ್ಕೆ ಹೆಸರಿಡುವಾಗ ‘ಕೊಳೆರೋಗ’ ಎಂಬ ಕನ್ನಡ ಪದವನ್ನೇ ಲ್ಯಾಟಿನ್ನಿನ ಪಕ್ಕ ಕೂರಿಸಿದರು. ಆದರೆ ಹೆಸರೊಂದಾದರೂ ರೋಗಗಳು ಎರಡು. ಕಾಫಿಯದ್ದು ನಿಜವಾದ ಶಿಲೀಂಧ್ರ, ಅದರ ಮೇಲೆ ಕಾರ್ಬೆಂಡಾಜಿಮ್ ನಡೆಯುತ್ತದೆ. ಅಡಿಕೆಯದ್ದು ಶಿಲೀಂಧ್ರವೇ ಅಲ್ಲದ್ದರಿಂದ ಅದೇ ಪುಡಿಯನ್ನು ಎಷ್ಟು ಹೊಡೆದರೂ ಜಗ್ಗುವುದಿಲ್ಲ. ಈಚಿನ ವರ್ಷಗಳಲ್ಲಿ ಮಲೆನಾಡನ್ನು ಕಂಗೆಡಿಸಿರುವ ಎಲೆಚುಕ್ಕಿ ರೋಗಕ್ಕೆ ಕೊಡುವ ಪ್ರೊಪಿಕೊನಜೋಲ್ ಕೂಡ ಹೀಗೆಯೇ. ಶಿಲೀಂಧ್ರ ತನ್ನ ಕೋಶದ ಪೊರೆಗೆ ಬೇಕಾದ ಸ್ಟೆರಾಲ್ ತಯಾರಿಸುವುದನ್ನು ಅದು ತಡೆಯುತ್ತದೆ. ಕೊಳೆಯ ಜೀವಿ ಸ್ಟೆರಾಲ್ ತಯಾರಿಸುವುದೇ ಇಲ್ಲ, ಇಲ್ಲದ ಕೆಲಸವನ್ನು ತಡೆಯುವುದೇನು? "ಪಕ್ಕದವರಿಗೆ ಒಳ್ಳೆ ರಿಸಲ್ಟ್ ಬಂತು" ಎಂದು ಬಾಟಲಿ ತಂದವರ ದುಡ್ಡು ಹೀಗೆ ಹೊಳೆಗೆ ಹೋಗುತ್ತದೆ.

ಬೋರ್ಡೋ ಬರುವುದಕ್ಕೂ ಮುಂಚೆ ಮಲೆನಾಡಿನವರು ಕೊಟ್ಟೆ ಕಟ್ಟುತ್ತಿದ್ದರು. ಹುಲ್ಲು, ಹಾಳೆ ಬಳಸಿ ಹೆಣೆದ ಟೊಪ್ಪಿಗೆಯನ್ನು ಕೊನೆಯ ಮೇಲೆ ಕವಿಚಿ ಮಳೆ ತಾಗದಂತೆ ಮಾಡುವುದು. ಬೀಜಾಣುವಿನ ಹೆಸರು ಕೇಳದವರೂ ನೀರು ತಪ್ಪಿದರೆ ಕೊಳೆ ತಪ್ಪುತ್ತದೆ ಎಂಬುದನ್ನು ಕಂಡುಕೊಂಡಿದ್ದರು. ಈಗ ಕೆಲವರು ಪ್ಲಾಸ್ಟಿಕ್ ಕೊಟ್ಟೆ ಕಟ್ಟಿಸುತ್ತಾರೆ. ಕೊಟ್ಟೆ ನೀರನ್ನೇ ತಡೆಯುತ್ತದೆ, ಬೋರ್ಡೋ ನೀರಿಗೆ ತಾಮ್ರ ಬೆರೆಸುತ್ತದೆ. ಎರಡೂ ಕಾಯುವುದು ಅದೇ ತೆಳು ಪದರವನ್ನು.

ಇನ್ನು 45 ದಿನದ ಲೆಕ್ಕ. ಮೃಗಶಿರ ಹುಟ್ಟುವ ಮುಂಚೆ ಒಂದು ಸಲ ಹೊಡೆಸಿದರೆ ಎರಡನೆಯದು ಪುಷ್ಯ ಮಳೆಯ ಹೊತ್ತಿಗೆ ಬೀಳುತ್ತದೆ. ಅಷ್ಟರಲ್ಲಿ ಮಳೆ ಪೊರೆಯನ್ನು ಸವೆಸಿರುತ್ತದೆ ಎಂಬುದು ಎಲ್ಲರಿಗೂ ಹೊಳೆಯುವ ಕಾರಣ. ಇನ್ನೊಂದು ಅಷ್ಟು ಹೊಳೆಯುವುದಿಲ್ಲ: ಕಾಯಿ ಬೆಳೆದಿರುತ್ತದೆ. ಜೂನಿನಲ್ಲಿ ಬಳಿದ ಪೊರೆ ಜೂನಿನ ಕಾಯಿಯ ಅಳತೆಯದ್ದು, ಮಗುವಿನ ಅಂಗಿ ಬಿಗಿಯಾದಂತೆ ಜುಲೈಗೆ ಅದು ಸಾಲದು. ಈ ಎರಡನ್ನೂ ತಿಳಿದವರಿಗೆ 45 ಎಂಬುದು ಪಂಚಾಂಗದ ತಿಥಿಯಲ್ಲ. ಮಳೆ ವಿಪರೀತವಾದರೆ ಮೊದಲೇ ಹೊಳವು ನೋಡಿ ಹೊಡೆಸುತ್ತಾರೆ, ಅಬ್ಬರ ಕಡಿಮೆಯಿದ್ದರೆ ಕಾಯುತ್ತಾರೆ. ಹೊಳವಾದ ತಕ್ಷಣ ನೀರು ತೊಟ್ಟಿಕ್ಕುವ ಕೊನೆಗೆ ಬಿಟ್ಟರೆ ಪೊರೆ ಒಣಗಿ ಕೂರುವ ಮುಂಚೆಯೇ ಜಾರುತ್ತದೆ ಎಂಬುದೂ ಅವರಿಗೆ ಗೊತ್ತು. ಅಂಟಿಗೆಂದು ರಾಳದ ಸೋಪು ಬೆರೆಸುವುದು ಈ ಜಾರುವಿಕೆಯ ವಿರುದ್ಧ. ಮರ ಹತ್ತುವವರು ಸಿಗದೆ ನೆಲದಲ್ಲೇ ನಿಂತು ಕಾರ್ಬನ್ ಫೈಬರ್ ದೋಟಿಯಲ್ಲಿ ಹೊಡೆಯುವ ಕಾಲ ಬಂದಿದೆ. ಕೆಳಗಿನಿಂದ ಹೊಡೆದಾಗ ಕೊನೆಯ ಮೇಲ್ಮೈ, ತೊಟ್ಟಿನ ಸಂದು ಒಣಗಿಯೇ ಉಳಿದರೆ ರೋಗ ಹೊಕ್ಕುವ ಬಾಗಿಲೇ ತೆರೆದಿಟ್ಟಂತೆ. ದೋಟಿ ಹಿಡಿದವನಿಗೆ ಎಷ್ಟು ಮರ ಮುಗಿಯಿತು ಎನ್ನುವುದಕ್ಕಿಂತ ಇದನ್ನು ಹೇಳಿಕೊಡುವುದು ಮುಖ್ಯ.

ಕಾರಣ ಹೇಳದಿರುವುದು ಕೃಷಿ ಸಲಹೆಯ ರೋಗ ಮಾತ್ರವಲ್ಲ. ಭೇದಿಗೆ ಕೊಡುವ ಓಆರ್‌ಎಸ್ ಪೊಟ್ಟಣದ ಮೇಲೆ 1 ಲೀಟರ್ ಎಂದು ದಪ್ಪಕ್ಷರದಲ್ಲಿ ಇರುತ್ತದೆ, ಯಾಕೆಂದು ಇರುವುದಿಲ್ಲ. ಮಗು ಒಂದು ಲೀಟರ್ ಎಲ್ಲಿ ಕುಡಿಯುತ್ತದೆ ಎಂದುಕೊಂಡು ಇಡೀ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿಯುವ ಮನೆಗಳಿವೆ. ಕರುಳಿನ ಗೋಡೆಯಲ್ಲಿ ಸಕ್ಕರೆ ಉಪ್ಪಿನ ಕೈ ಹಿಡಿದೇ ಒಳಗೆ ಹೋಗುವುದು, ಅವೆರಡರ ಹಿಂದೆ ನೀರು. ಗಟ್ಟಿಯಾದ ದ್ರಾವಣ ಇದಕ್ಕೆ ತಿರುವಾಗಿ ಮೈಯ ನೀರನ್ನೇ ಕರುಳಿಗೆ ಎಳೆದು ಭೇದಿ ಹೆಚ್ಚಿಸುತ್ತದೆ. 1971ರಲ್ಲಿ ಬಾಂಗ್ಲಾ ನಿರಾಶ್ರಿತರ ಬನ್‌ಗಾಂವ್ ಶಿಬಿರದಲ್ಲಿ ಕಾಲರಾ ಎದ್ದಾಗ ಡಾ. ದಿಲೀಪ್ ಮಹಲನಬಿಸ್ ಡ್ರಮ್ಮುಗಳಲ್ಲಿ ಉಪ್ಪು-ಸಕ್ಕರೆ ನೀರು ಕಲಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿ ಸಾವುಗಳನ್ನು ತಗ್ಗಿಸಿದ್ದು ಅಳತೆ ತಪ್ಪದ ಆ ನೀರಿನಿಂದ.

ಕಾರಣ ಬಿಟ್ಟ ಸಲಹೆ ಇನ್ನೊಂದು ಬಗೆಯಲ್ಲೂ ದಾರಿ ತಪ್ಪುತ್ತದೆ: ಎರಡು ಸಲ ಒಳ್ಳೆಯದಾದರೆ ನಾಲ್ಕು ಸಲ ಇನ್ನೂ ಒಳ್ಳೆಯದು ಎಂದು. 100 ಲೀಟರ್ ಬೋರ್ಡೋದಲ್ಲಿ ಹತ್ತಿರ ಹತ್ತಿರ 250 ಗ್ರಾಂ ತಾಮ್ರವಿದೆ. ಅದು ಕೊಳೆಯುವುದಿಲ್ಲ, ಆವಿಯಾಗುವುದಿಲ್ಲ. ಕಾಯಿಯಿಂದ ತೊಳೆದದ್ದು ಮರದ ಬುಡದ ಮಣ್ಣಿನಲ್ಲಿ ಉಳಿಯುತ್ತದೆ, ಹೆಚ್ಚಾದರೆ ಎರೆಹುಳುಗಳಿಗೂ ಮಣ್ಣಿನ ಸೂಕ್ಷ್ಮಜೀವಿಗಳಿಗೂ ಕೇಡು. ತಲೆಮಾರುಗಟ್ಟಲೆ ಬೋರ್ಡೋ ಎರಚಿದ ಯುರೋಪಿನ ದ್ರಾಕ್ಷಿ ತೋಟಗಳ ಮಣ್ಣಿನಲ್ಲಿ ತಾಮ್ರ ಕೂಡಿಕೊಂಡಿದೆ. 2019ರಿಂದ ಯುರೋಪಿಯನ್ ಒಕ್ಕೂಟ ಒಂದು ಹೆಕ್ಟೇರಿಗೆ ಏಳು ವರ್ಷಕ್ಕೆ ಒಟ್ಟು 28 ಕೆಜಿ ತಾಮ್ರದ ಮಿತಿ ಹಾಕಿದೆ. ಮದ್ದು ಹುಟ್ಟಿದ ನಾಡೇ ಮದ್ದಿಗೆ ಲಗಾಮು ಹಾಕಿಕೊಂಡಿತು.

ಅಪರೂಪಕ್ಕೆ ಕೆಲವು ಅಂಗಡಿಗಳಲ್ಲಿ ಬೇರೆ ಬಗೆಯ ಮಾತೂ ಕಿವಿಗೆ ಬೀಳುತ್ತದೆ. ಗಿರಾಕಿ ಮೊಬೈಲ್ ಮುಂದೆ ಚಾಚುತ್ತಾರೆ. ಅಂಗಡಿಯ ಹಿರಿಯರು ಕನ್ನಡಕ ಏರಿಸಿ ಚಿತ್ರ ನೋಡುತ್ತಾರೆ, ಕೈ ಕಪಾಟಿನ ಕಡೆ ಹೋಗುವುದಿಲ್ಲ.

"ಬೋರ್ಡೋ ಹೊಡೆಸಿದ್ರಾ ಗೌಡ್ರೇ?"

"ಮೇ ಕೊನೇಲೇ ಹೊಡೆಸಿದೀನಿ. ಒಂದಕ್ಕೊಂದು ಅಳತೆ, ಏನೂ ಹೆಚ್ಚುಕಮ್ಮಿ ಇಲ್ಲ."

"ಸುಣ್ಣ ಯಾವಾಗ ತಂದದ್ದು?"

ಗೌಡರು ಸ್ವಲ್ಪ ಹೊತ್ತು ಹೊರಗೆ ಸುರಿಯುವ ಮಳೆ ನೋಡುತ್ತಾರೆ. "ಹೋದ ವರ್ಷದ್ದು ಅರ್ಧ ಚೀಲ ಅಟ್ಟದ ಮೇಲಿತ್ತು."